ಮೂವತ್ತನಾಲ್ಕು ಮೆಟ್ಟಿಲು, ಒಂದು ಅಂಗಳ: ಪಾಚಿ ತೆಗೆದ ಮೂರು ವಾರದ ಲೆಕ್ಕ

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಹೂ ಕೊಯ್ಯಲು ಹೊರಟ ಅಮ್ಮ ಮೇಲಿನಿಂದ ಹನ್ನೊಂದನೆಯ ಮೆಟ್ಟಿಲಿನಲ್ಲಿ ಜಾರಿ ಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ಅವರ ಚಪ್ಪಲಿ ಎಳೆದುಕೊಂಡು ಹೋದ ಗುರುತು ಹಸಿರು ಹಾವಸೆಯ ನಡುವೆ ಒಂದು ಗೇಣು ಉದ್ದಕ್ಕೆ ಕೆಂಪಾಗಿ ಕಾಣುತ್ತಿತ್ತು. ಹತ್ತು ದಿನದಲ್ಲಿ ಅದರ ಮೇಲೂ ಹಸಿರು ಮುಚ್ಚಿಕೊಂಡಿತು. ಮಳೆ ನಿಂತ ತಕ್ಷಣ ಮಾಡುವ ಮೊದಲ ಕೆಲಸ ಇದೇ ಎಂದು ಅಂದೇ ನಿಶ್ಚಯಿಸಿದ್ದೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಿಕ್ಕಿನಲ್ಲಿದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆ ಪೂರ್ತಿ ನಮ್ಮ ಪಾಲಿಗೆ ಬರುವುದಿಲ್ಲ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಅಂಗಳ ಒಣಗುವಷ್ಟು ಬಿಡುವನ್ನೂ ಅದು ಕೊಡುವುದಿಲ್ಲ. ಅಜ್ಜನ ಕಾಲದಲ್ಲಿ ಅಂಗಳ ಮಣ್ಣಿನದು. ಮಳೆಗಾಲಕ್ಕೆ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಹಾಸಿ ಅದರ ಮೇಲೆ ಓಡಾಟ. ದೀಪಾವಳಿ ಕಳೆದ ಮೇಲೆ ಕೆತ್ತಿ, ಬಡಿದು ಗಟ್ಟಿಮಾಡಿ, ಸಗಣಿ ಸಾರಿಸಿ ಅಡಿಕೆ ಒಣಗಿಸಲು ಸಿದ್ಧಮಾಡುತ್ತಿದ್ದರು. 2009ರಲ್ಲಿ ನಾವು ಸಿಮೆಂಟ್ ಹಾಕಿಸಿದೆವು. ದಬ್ಬೆ ಹೋಯಿತು, ಪಾಚಿ ಬಂತು.

ಈ ಸಲ ಪ್ರೆಷರ್ ವಾಷರ್, ಅಂದರೆ ನೀರನ್ನು ಒತ್ತಡದಿಂದ ಚಿಮ್ಮಿಸಿ ತೊಳೆಯುವ ಯಂತ್ರ, ತಂದು ಮಾಡಿದ್ದೇನೆ. ಏನು ಕೆಟ್ಟಿತು, ಏನು ಸರಿಹೋಯಿತು ಎಂಬುದನ್ನು ದಿನವಹಿಯಾಗಿ ಬರೆಯುತ್ತಿದ್ದೇನೆ. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಮೆಟ್ಟಿಲು ಇರುವವರು ಅಕ್ಟೋಬರ್ 28ರ ಭಾಗವನ್ನು ಓದದೆ ಯಂತ್ರಕ್ಕೆ ಕೈ ಹಾಕಬೇಡಿ.

ಅಕ್ಟೋಬರ್ 24, ಶುಕ್ರವಾರ: ಅಳತೆ

ಟೇಪು ಹಿಡಿದು ಅಳೆದೆ. ಸಿಮೆಂಟ್ ಅಂಗಳ 28 ಅಡಿ ಅಗಲ, 36 ಅಡಿ ಉದ್ದ. ಅಂದರೆ 1,008 ಚದರ ಅಡಿ. ರಸ್ತೆ ಬದಿಯ ಕಾರ್ ಶೆಡ್ಡಿನ ಮುಂದೆ ಇಂಟರ್‌ಲಾಕ್ ಬ್ಲಾಕ್ ಹಾಸಿದ ಜಾಗ 12 ಅಡಿಗೆ 20 ಅಡಿ. ಶೆಡ್ಡಿನ ಪಕ್ಕದ ದಣಪೆಯಿಂದ (ಗಳು ಸರಿಸಿ ದಾಟುವ ಬಾಗಿಲಿನಿಂದ) ಮನೆಗೆ ಇಳಿಯುವ ಜಂಬಿಟ್ಟಿಗೆ ಮೆಟ್ಟಿಲು 34, ಒಂದೊಂದೂ ನಾಲ್ಕು ಅಡಿ ಅಗಲ. ಜಗಲಿಯ ಅಂಚಿಗೆ ಕಪ್ಪುಕಲ್ಲಿನ ಚಪ್ಪಡಿ.

ಪಾಚಿಯೂ ಎಲ್ಲ ಕಡೆ ಒಂದೇ ಜಾತಿಯದಲ್ಲ. ಸಿಮೆಂಟಿನ ಮೇಲೆ ಇರುವುದು ಕಪ್ಪು ಲೋಳೆ. ಒಣಗಿದಾಗ ಬಣ್ಣದಂತೆ ಅಂಟಿಕೊಂಡಿರುತ್ತದೆ, ನಾಲ್ಕು ಹನಿ ಬಿದ್ದರೆ ಎಣ್ಣೆ ಸುರಿದಂತಾಗುತ್ತದೆ. ಜಂಬಿಟ್ಟಿಗೆಯ ಮೇಲಿನದು ಬೇರು ಬಿಟ್ಟಂತೆ ಕಲ್ಲಿನ ತೂತುಗಳಲ್ಲಿ ಕೂತ ಹಾವಸೆ, ಬೆರಳಲ್ಲಿ ಒತ್ತಿದರೆ ನೀರು ಒಸರುತ್ತದೆ. ಇಂಟರ್‌ಲಾಕ್ ಸಂದಿಗಳಲ್ಲಿ ಹುಲ್ಲು ಮತ್ತು ಹಾವಸೆ ಎರಡೂ ಇವೆ.

ಒಂದು ಜಾಗ ಮಾತ್ರ ಬಿಳಿಯಾಗಿ ಉಳಿದಿತ್ತು. ಅಂಗಳದ ಈಶಾನ್ಯ ಮೂಲೆ, ಸುಮಾರು ಐದು ಅಡಿ ಸುತ್ತಳತೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ನಾವು ಡ್ರಮ್ ಇಟ್ಟು ದ್ರಾವಣ ಕಲಸುವುದು ಅಲ್ಲಿಯೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಚೆಲ್ಲಿದ ದ್ರಾವಣದ ನೀಲಿ ಕಲೆ ಎಲ್ಲಿಯವರೆಗೆ ಹರಿದಿತ್ತೋ ಅಲ್ಲಿಯವರೆಗೆ ಪಾಚಿಯ ಸುಳಿವೇ ಇಲ್ಲ. ಗೆರೆ ಕೊಯ್ದಂತೆ ಅದರಾಚೆ ಕಪ್ಪು. ಹದಿನಾರು ವರ್ಷ ಆ ಮೂಲೆಯನ್ನು ದಾಟಿ ಓಡಾಡಿದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಕ್ಟೋಬರ್ 25, ಶನಿವಾರ: ನೀರು ಸಾಲಲಿಲ್ಲ

ಶಿವಮೊಗ್ಗದಿಂದ ತಂದ ಯಂತ್ರ 1,700 ವ್ಯಾಟಿನದು. ಗರಿಷ್ಠ ಒತ್ತಡ 120 ಬಾರ್, ನಿಮಿಷಕ್ಕೆ 6.5 ಲೀಟರ್ ನೀರು ಬೇಕು ಎಂದು ಅದರ ಮೇಲೆ ಬರೆದಿದೆ. ಬೆಲೆ ₹8,900.

ಗುಡ್ಡದ ಅಬ್ಬಿಯಿಂದ (ನೀರಿನ ಒರತೆಯಿಂದ) ಬರುವ ಪೈಪನ್ನೇ ನೇರವಾಗಿ ಸಿಕ್ಕಿಸಿದೆ. ಎರಡು ನಿಮಿಷ ಚೆನ್ನಾಗಿ ಹೊಡೆಯಿತು. ಆಮೇಲೆ ಧಾರೆ ಬಿಟ್ಟುಬಿಟ್ಟು ಬರತೊಡಗಿತು, ಯಂತ್ರದ ಸದ್ದು ಏರಿ ಇಳಿದು ಒದರಿಕೊಳ್ಳುವಂತಾಯಿತು. ಕೂಡಲೇ ಆರಿಸಿದೆ. ನೀರಿಲ್ಲದೆ ಓಡಿದರೆ ಪಂಪಿನ ಸೀಲುಗಳು ಸುಟ್ಟುಹೋಗುತ್ತವೆ. ಒಳಬದಿಯ ಜಾಲರಿ ಬಿಚ್ಚಿ ನೋಡಿದರೆ ಕೊಳೆತ ಎಲೆಯ ಚೂರು ಮತ್ತು ಗೋಧಿಹಿಟ್ಟಿನಷ್ಟು ನಯವಾದ ಮಣ್ಣು.

ಜಾಲರಿ ತೊಳೆದು ಮತ್ತೆ ಹಾಕಿದರೂ ಅದೇ ಪಾಡು. ಆಗ ಬುದ್ಧಿ ಬಂದು ಹತ್ತು ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿದೆ. ತುಂಬಲು ಎರಡೂವರೆ ನಿಮಿಷ ಬೇಕಾಯಿತು. ನಿಮಿಷಕ್ಕೆ ನಾಲ್ಕು ಲೀಟರ್ ಬರುವ ಕಡೆ ಆರೂವರೆ ಲೀಟರ್ ಕೇಳುವ ಯಂತ್ರ ಹೇಗೆ ಓಡೀತು? ಕೊಳ್ಳುವ ಮೊದಲು ಮಾಡಬೇಕಾದ ಅಳತೆಯನ್ನು ಕೊಂಡ ಮೇಲೆ ಮಾಡಿದೆ.

ಪರಿಹಾರ ಮನೆಯಲ್ಲೇ ಇತ್ತು. ಬೋರ್ಡೋ ಡ್ರಮ್ ಬಿಟ್ಟು ಬೇರೆ 200 ಲೀಟರಿನ ನೀಲಿ ಡ್ರಮ್ಮನ್ನು ಜಗಲಿಯ ಮೇಲೆ, ಅಂಗಳದಿಂದ ಮೂರು ಅಡಿ ಎತ್ತರದಲ್ಲಿ ಇಟ್ಟೆ. ಬಾಯಿಗೆ ಹಳೆಯ ಪಂಚೆಯನ್ನು ಎರಡು ಪದರ ಕಟ್ಟಿ ಅಬ್ಬಿಯ ಪೈಪನ್ನು ಅದರ ಮೇಲೆ ಬಿಟ್ಟೆ. ತಳದಿಂದ ನಾಲ್ಕು ಬೆರಳು ಮೇಲೆ ನಲ್ಲಿ ಕೂರಿಸಿ ಅಲ್ಲಿಂದ ಯಂತ್ರಕ್ಕೆ ಮುಕ್ಕಾಲು ಇಂಚಿನ ಪೈಪು, ನಡುವೆ ₹250ರ ಇನ್ನೊಂದು ಫಿಲ್ಟರ್. ಡ್ರಮ್ ತುಂಬಿದ್ದರೆ ನಿಮಿಷಕ್ಕೆ ಎರಡೂವರೆ ಲೀಟರಿನಷ್ಟು ಮಾತ್ರ ಕಡಿಮೆಯಾಗುತ್ತ ಹೋಗುತ್ತದೆ; ಒಂದು ಗಂಟೆ ನಿಶ್ಚಿಂತೆಯಿಂದ ಹೊಡೆಯಬಹುದು, ಆಮೇಲೆ ಮುಕ್ಕಾಲು ಗಂಟೆ ವಿರಾಮ. ಯಂತ್ರಕ್ಕೂ ನನ್ನ ತೋಳಿಗೂ ಆ ವಿರಾಮ ಬೇಕೇ ಆಗಿತ್ತು.

ಸ್ವಿಚ್ ಹಾಕುವ ಮೊದಲು ಗನ್ನಿನ ಕುದುರೆ ಒತ್ತಿ ಹಿಡಿದು, ಪೈಪಿನ ಗಾಳಿಯೆಲ್ಲ ಹೋಗಿ ನೀರು ಒಂದೇ ಸಮನೆ ಬರುವವರೆಗೆ ಕಾಯಬೇಕು. ಇದನ್ನು ಮಾಡದೆ ನಾನು ಮೊದಲ ದಿನ ಮೂರು ಸಲ ಯಂತ್ರವನ್ನು ವೃಥಾ ಒದರಿಸಿದೆ.

ಅಕ್ಟೋಬರ್ 26, ಭಾನುವಾರ: ಬಿಸಿಯಾದ ತಂತಿ, ಎಡ ಅರ್ಧ ಅಂಗಳ

ಬೆಳಿಗ್ಗೆ ಏಳಕ್ಕೆ ಶುರು. ಇಪ್ಪತ್ತು ನಿಮಿಷಕ್ಕೆ ಮೋಟಾರು ತಾನಾಗಿ ನಿಂತಿತು. ಮುಟ್ಟಿದರೆ ಮೈ ಸುಡುವ ಬಿಸಿ. ಮನೆಯಲ್ಲಿದ್ದ 30 ಮೀಟರಿನ ಎಕ್ಸ್‌ಟೆನ್ಷನ್ ಡಬ್ಬಿಯಿಂದ ಕರೆಂಟು ಕೊಟ್ಟಿದ್ದೆ, ತಂತಿಯ ಅರ್ಧದಷ್ಟು ಇನ್ನೂ ಸುರುಳಿಯಲ್ಲೇ ಇತ್ತು. ಸುರುಳಿಯ ಒಳಗೆ ಬೆರಳು ತೂರಿಸಿದರೆ ತಂತಿಯ ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿತ್ತು. ಇನ್ನು ಹತ್ತು ನಿಮಿಷ ಓಡಿದ್ದರೆ ಕರಗುತ್ತಿತ್ತು. ಕಾಲಡಿ ನೀರು ನಿಂತಿರುವ ಕಡೆ ಇದು ಎಂಥ ಅಪಾಯ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮೀಟರು ಹಿಡಿದು ನೋಡಿದೆ. ಯಂತ್ರ ಓಡುವಾಗ ಬೋರ್ಡಿನಲ್ಲಿ 184 ವೋಲ್ಟ್, ತಂತಿಯ ತುದಿಯಲ್ಲಿ 171. ಪೇಟೆಗೆ ಹೋಗಿ 2.5 ಚದರ ಮಿಲಿಮೀಟರಿನ ಮೂರು ಎಳೆಯ ತಾಮ್ರದ ತಂತಿ 20 ಮೀಟರ್ ತಂದೆ, ₹2,600. ಅದೇ ಬೋರ್ಡಿನಿಂದ ಈಗ ತುದಿಯಲ್ಲಿ 181 ಸಿಕ್ಕಿತು. ಅರ್ತ್ ಸರಿಯಿದೆಯೇ ಎಂದು ನೋಡಿದೆ, ಕರೆಂಟು ಸೋರಿದರೆ ತಾನಾಗಿ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚಿನ ಪರೀಕ್ಷಾ ಗುಂಡಿ ಒತ್ತಿ ಅದು ಬೀಳುವುದನ್ನು ಖಚಿತಮಾಡಿಕೊಂಡೆ. ತಂತಿಯನ್ನು ಪೂರ್ತಿ ಬಿಚ್ಚಿ, ನೆಲಕ್ಕೆ ತಾಗದಂತೆ ಗೂಟಗಳ ಮೇಲೆ ಹಾಯಿಸಿದೆ. ನಮ್ಮಲ್ಲಿ ಬೆಳಿಗ್ಗೆ ಮತ್ತು ಸಂಜೆ ವೋಲ್ಟೇಜ್ ಇಳಿಯುತ್ತದೆ. ಹತ್ತರಿಂದ ಎರಡರವರೆಗೆ 205ರ ಮೇಲೆ ಇರುತ್ತದೆ. ಆಮೇಲೆ ಎಲ್ಲ ಕೆಲಸವನ್ನೂ ಆ ನಾಲ್ಕು ಗಂಟೆಯೊಳಗೆ ಮಾಡಿದೆ, ಮೋಟಾರು ಮತ್ತೆ ನಿಲ್ಲಲಿಲ್ಲ.

ಉಳಿದ ಹೊತ್ತಿನಲ್ಲಿ ಮತ್ತು ಮರುದಿನ ಅಂಗಳದ ಎಡ ಅರ್ಧ, 504 ಚದರ ಅಡಿ, ಮುಗಿಸಿದೆ. ಹಸಿರು ಬಣ್ಣದ 25 ಡಿಗ್ರಿ ನಾಜಲ್, ನೆಲದಿಂದ ಒಂದು ಗೇಣು ದೂರ. ಒಟ್ಟು 4 ಗಂಟೆ 40 ನಿಮಿಷ. ಕಪ್ಪು ಲೋಳೆ ಸುಲಭಕ್ಕೆ ಬಿಡಲಿಲ್ಲ. ಒಂದೇ ಪಟ್ಟಿಯ ಮೇಲೆ ಮೂರು ಸಲ ಎಳೆಯಬೇಕಾಯಿತು. ಹಾರಿದ ಕೆಸರು ಸುಣ್ಣ ಬಳಿದ ಗೋಡೆಗೆ ಮೂರು ಅಡಿ ಎತ್ತರದವರೆಗೆ ಬಡಿಯಿತು. ನೀರು ಹಾಕಿ ತೊಳೆದರೂ ಕಲೆ ಹೋಗಲಿಲ್ಲ. ಗೋಡೆಗೆ ಹಳೆಯ ಟಾರ್ಪಾಲು ಇಳಿಬಿಟ್ಟುಕೊಂಡಿದ್ದರೆ ₹700ರ ಬಣ್ಣ ಉಳಿಯುತ್ತಿತ್ತು.

ಆದರೂ ಅಂದು ಸಂಜೆ ಅಂಗಳ ನೋಡಿ ಸಂತೋಷವಾಯಿತು. ನಡುವೆ ಗೆರೆ ಎಳೆದಂತೆ ಎಡಕ್ಕೆ ಬೂದು ಬಿಳಿ, ಬಲಕ್ಕೆ ಕಪ್ಪು. ಅಮ್ಮ ಜಗಲಿಯಲ್ಲಿ ನಿಂತು, “ಸಿಮೆಂಟ್ ಹಾಕಿಸಿದ ವರ್ಷ ಹೀಗಿತ್ತು ನೋಡು” ಎಂದರು.

ಅಕ್ಟೋಬರ್ 28, ಮಂಗಳವಾರ: ಮೆಟ್ಟಿಲು ಹಾಳುಮಾಡಿದೆ

ಇದು ಈ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು.

ಅಂಗಳದಲ್ಲಿ ನಿಧಾನವಾಯಿತೆಂಬ ಅವಸರಕ್ಕೆ ಮೆಟ್ಟಿಲಿಗೆ ಟರ್ಬೊ ನಾಜಲ್ ಹಾಕಿದೆ. ಸೂಜಿಯಂಥ ಒಂದೇ ಧಾರೆ ಒಳಗೆ ಗಿರಗಿರನೆ ಸುತ್ತುತ್ತ ಬರುತ್ತದೆ. ಮೇಲಿನ ಮೊದಲ ಮೆಟ್ಟಿಲಿಗೆ ಹಿಡಿದ ಕೂಡಲೇ ಹಾವಸೆ ಚಕ್ಕೆ ಚಕ್ಕೆಯಾಗಿ ಎದ್ದು ಹೋಯಿತು. ಕೆಳಗಿನಿಂದ ಕೆಂಪು ಕಲ್ಲು ಹೊಸದರಂತೆ ಹೊಳೆಯಿತು. ಖುಷಿಯಿಂದ ಎರಡನೆಯದಕ್ಕೆ ಇಳಿದೆ. ಮೂರನೆಯದರ ನಡುವಿನಲ್ಲಿದ್ದಾಗ ಪಕ್ಕದ ಚರಂಡಿಯಲ್ಲಿ ಹರಿಯುತ್ತಿದ್ದ ನೀರು ಕಣ್ಣಿಗೆ ಬಿತ್ತು. ಪಾಚಿಯ ನೀರು ಹಸಿರು ಕಪ್ಪಗಿರಬೇಕು. ಇದು ಕುಂಕುಮ ಕದಡಿದಂತಿತ್ತು.

ಗನ್ ಬಿಟ್ಟು ಬಗ್ಗಿ ನೋಡಿದೆ. ಮೂರೂ ಮೆಟ್ಟಿಲುಗಳ ಮೇಲೆ ಅಡ್ಡಡ್ಡ ಗೀರು. ಬೆಂಕಿಕಡ್ಡಿ ಇಟ್ಟು ಅಳೆದೆ, ನಾಲ್ಕು ಮಿಲಿಮೀಟರ್ ಆಳ. ಕಲ್ಲಿನ ಸಣ್ಣ ತೂತುಗಳು ಬಟಾಣಿ ಕಾಳಿನಷ್ಟು ಅಗಲವಾಗಿದ್ದವು. ಎರಡನೆಯ ಮೆಟ್ಟಿಲಿನ ಮುಂಭಾಗದ ಮೂಲೆ ಬೆಲ್ಲದ ಅಚ್ಚಿನಂತೆ ಉದುರಿತ್ತು. ಸಂದಿಯ ಸುಣ್ಣದ ಗಾರೆ ಎರಡು ಬೆರಳು ಆಳಕ್ಕೆ ಖಾಲಿ. ಬೆರಳಲ್ಲಿ ಉಜ್ಜಿದರೆ ಹೊಸದಾಗಿ ತೆರೆದುಕೊಂಡ ಮೈ ಪುಡಿಪುಡಿಯಾಗಿ ಕೈಗೆ ಹತ್ತುತ್ತಿತ್ತು. ಅಜ್ಜ ಕಟ್ಟಿಸಿದ ಮೆಟ್ಟಿಲು. ಅರವತ್ತು ಮಳೆಗಾಲ ಮಾಡದ ಹಾನಿಯನ್ನು ನಾನು ಹನ್ನೆರಡು ನಿಮಿಷದಲ್ಲಿ ಮಾಡಿದ್ದೆ. ಅಂದು ಊಟ ಸೇರಲಿಲ್ಲ.

ಮರುದಿನ ಗಾರೆ ಮೇಸ್ತ್ರಿಯನ್ನು ಕರೆಸಿದೆ. ಅವರು ಮೂರೂ ಮೆಟ್ಟಿಲುಗಳನ್ನು ಕರಣೆಯ ಹಿಡಿಯಿಂದ ತಟ್ಟಿ ಸದ್ದು ಕೇಳಿದರು. ಆಮೇಲೆ ನಾಲ್ಕನೆಯದನ್ನು ತಟ್ಟಿದರು. ನಾಲ್ಕನೆಯದು ಟಣ್ ಎಂದಿತು, ನಾನು ಹೊಡೆದದ್ದು ಮಡಕೆಯಂತೆ ಬೊದ್ದು ಸದ್ದು ಕೊಟ್ಟಿತು.

“ಏನು ಮಾಡಿದಿರಿ ಮಾರಾಯರೆ. ಜಂಬಿಟ್ಟಿಗೆಗೆ ಜೀವ ಇರುವುದೇ ಮೇಲಿನ ಸಿಪ್ಪೆಯಲ್ಲಿ” ಎಂದರು.

ಕ್ವಾರಿಯಿಂದ ಎಬ್ಬಿಸುವಾಗ ಈ ಕಲ್ಲು ಕೊಡಲಿಯಲ್ಲಿ ಕಡಿಯುವಷ್ಟು ಮೆದು. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಮೈ ಗಟ್ಟಿಯಾಗುತ್ತ ಹೋಗುತ್ತದೆ. ಆ ಗಟ್ಟಿ ಮೈ ಕಿತ್ತುಬಂದರೆ ಒಳಗಿನ ಮೆದು ಭಾಗ ಮಳೆಗೆ ಸಿಗುತ್ತದೆ. ಈ ಮಾತನ್ನು ನಾನೂ ಕೇಳಿದವನೇ. ಕ್ವಾರಿಯಲ್ಲಿ ಕಲ್ಲು ಕಡಿಯುವುದನ್ನು ಕಣ್ಣಾರೆ ನೋಡಿದ್ದೇನೆ. ಯಂತ್ರ ಕೈಯಲ್ಲಿ ಇದ್ದಾಗ ಅದು ನೆನಪಾಗಲಿಲ್ಲ.

“ಉಳಿದ ಮೂವತ್ತೊಂದಕ್ಕೆ ಅದನ್ನು ತೋರಿಸಬೇಡಿ. ಹಾವಸೆ ಸಾಯಿಸಿ, ಒಣಗಲಿ, ಗುಡಿಸಿ” ಎಂದು ಹೇಳಿ ಹೋದರು. ನಂತರದ ಕೆಲಸವೆಲ್ಲ ಆ ಮಾತಿನ ಮೇಲೆಯೇ ನಡೆಯಿತು.

ಅಕ್ಟೋಬರ್ 31, ಶುಕ್ರವಾರ: ಬ್ಲೀಚಿಂಗ್ ಪೌಡರ್, ಮಳೆಯ ಪಾಲು

ಸಾಯಿಸುವುದಕ್ಕೆ ಮನೆಯವರೆಲ್ಲರ ಬಳಿಯೂ ಒಂದೊಂದು ಉಪಾಯ. ಭಾವ ಬಾತ್‌ರೂಮಿನ ಆಸಿಡ್ ಹಾಕು ಎಂದರು. ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಸಿಮೆಂಟ್ ತುಂಡಿನ ಮೇಲೆ ಅರ್ಧ ಲೋಟ ಸುರಿದು ನೋಡಿದೆವು. ಬುಸುಬುಸು ನೊರೆ ಎದ್ದಿತು, ಪಾಚಿ ಹೋಯಿತು, ಜೊತೆಗೆ ಮೇಲಿನ ಸಿಮೆಂಟೂ ಹೋಗಿ ಮರಳು ಕಾಳು ಹೊರಗೆ ಬಂತು. ಅಂಥ ಒರಟು ಮೈಯಲ್ಲಿ ಮುಂದಿನ ವರ್ಷ ಪಾಚಿ ಇನ್ನೂ ಭದ್ರವಾಗಿ ಕೂರುತ್ತದೆ. ಆಸಿಡ್ ಬೇಡವೆಂದು ಅಲ್ಲಿಗೇ ಬಿಟ್ಟೆವು.

ಹತ್ತು ಲೀಟರ್ ನೀರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ಅರ್ಧ ಗಂಟೆ ಬಿಟ್ಟೆ. ಸುಣ್ಣದಂಥ ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡು ಗಿಡಕ್ಕೆ ನೀರು ಹಾಕುವ ಝರಿ ಕ್ಯಾನಿನಲ್ಲಿ ಅಂಗಳದ ಬಲ ಅರ್ಧಕ್ಕೆ ಸುರಿದೆ. ನೂರು ಚದರ ಅಡಿಗೆ ಒಂದು ಬಕೆಟ್ ಬೇಕಾಯಿತು. ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ. ಬ್ಲೀಚಿಂಗಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರಿಗೆ ಹೋದರೆ ಪ್ರಾಣಕ್ಕೇ ಸಂಚಕಾರ. ಹಾಗಾಗಿ ಆಸಿಡ್ ಮುಟ್ಟಿದ ಮಗ್ಗನ್ನು ಅತ್ತ ಸುಳಿಯಗೊಡಲಿಲ್ಲ.

ಸಂಜೆ ಆರಕ್ಕೆ ಮುಗಿಸಿದೆ. ಏಳೂವರೆಗೆ ಗುಡುಗು. ಎಂಟಕ್ಕೆ ಅಡ್ಡಮಳೆ. ಐದು ಬಕೆಟ್ ದ್ರಾವಣ ಚರಂಡಿ ಪಾಲು.

ನವೆಂಬರ್ 1 ಮತ್ತು ಮುಂದೆ

ಮರುದಿನ ಆಕಾಶ ನೋಡಿ ಮತ್ತೆ ಹಾಕಿದೆ. ಈ ಸಲ ಮಳೆ ಬರಲಿಲ್ಲ. ಎರಡನೆಯ ದಿನಕ್ಕೆ ಕಪ್ಪು ಲೋಳೆ ಕಂದಾಯಿತು, ಮೂರನೆಯ ದಿನ ಒಣಗಿ ಹಪ್ಪಳದಂತೆ ಅಂಚು ಎತ್ತಿತು. ಉಗುರಿನಲ್ಲಿ ಮೀಟಿದರೆ ಕಾಸಿನಗಲದ ಚಕ್ಕೆ ಎದ್ದು ಬರುತ್ತಿತ್ತು. ತುಳಸಿ ಪೂಜೆ ಅಷ್ಟರಲ್ಲೇ ಬಂತು; ಕಟ್ಟೆಯ ಸುತ್ತ ಮಾತ್ರ ಕೈಯಲ್ಲೇ ತಿಕ್ಕಿ ತೊಳೆದು ರಂಗೋಲಿಗೆ ಜಾಗ ಮಾಡಿಕೊಟ್ಟೆ. ಕಟ್ಟೆಯ ಗಾರೆ ಹಳೆಯದು, ಅಲ್ಲಿಗೆ ಯಂತ್ರ ಒಯ್ಯಲಿಲ್ಲ.

ನವೆಂಬರ್ 4ರಂದು ಬಲ ಅರ್ಧಕ್ಕೆ ಯಂತ್ರ ಹಿಡಿದೆ. ಅದೇ ನಾಜಲ್, ಅದೇ ಒಂದು ಗೇಣು ದೂರ, ಅಷ್ಟೇ 504 ಚದರ ಅಡಿ. ಒಂದೇ ಎಳೆತಕ್ಕೆ ನೆಲ ಬಿಳುಪು. 2 ಗಂಟೆ 35 ನಿಮಿಷದಲ್ಲಿ ಮುಗಿಯಿತು. ಎಡಭಾಗಕ್ಕೆ ಸುಮಾರು 1,800 ಲೀಟರ್ ನೀರು ಹೋಗಿತ್ತು, ಇಲ್ಲಿ ಸಾವಿರ ಲೀಟರ್ ಸಾಕಾಯಿತು. ಗೋಡೆಗೂ ಅಷ್ಟು ಕೆಸರು ಹಾರಲಿಲ್ಲ. ಒಣಗಿದ ಚಕ್ಕೆಗಳನ್ನು ಮೊದಲೇ ಗುಡಿಸಿ ಎರಡು ಬುಟ್ಟಿ ತೆಗೆದಿದ್ದೆ.

ಆದರೆ ಬ್ಲೀಚಿಂಗಿನಿಂದಲೂ ಒಂದು ನಷ್ಟವಾಯಿತು. ಅಂಗಳದ ಇಳಿಜಾರು ದಕ್ಷಿಣಕ್ಕೆ. ಆ ಅಂಚಿನ ಅಡಿಕೆ ಮರಕ್ಕೆ ಹಬ್ಬಿಸಿದ ಕರಿಮೆಣಸಿನ ಬಳ್ಳಿಯ ಬುಡಕ್ಕೆ ದ್ರಾವಣ ಹರಿದಿತ್ತು. ನವೆಂಬರ್ 5ಕ್ಕೆ ಕೆಳಗಿನ ಮೂರು ಅಡಿಯ ಎಲೆಗಳು ಅಂಚು ಸುಟ್ಟಂತಾಗಿ ಹಳದಿಯಾದವು, ನಾಲ್ಕೈದು ದಿನಗಳಲ್ಲಿ ಉದುರಿದವು. ಎಂಟು ವರ್ಷದ ಬಳ್ಳಿ, ತುಂಬ ಕರೆ (ಮೆಣಸಿನ ಗೊನೆ) ಬಿಟ್ಟಿತ್ತು. ಬುಡಕ್ಕೆ ಹತ್ತು ಬಕೆಟ್ ನೀರು ಹಾಕಿ ತೊಳೆದೆ. ಮೇಲಿನ ಭಾಗ ಹಸಿರಾಗಿದೆ, ಉಳಿಯುತ್ತದೆ ಎಂಬ ನಂಬಿಕೆಯಿದೆ. ಆಮೇಲೆ ಬ್ಲೀಚಿಂಗ್ ಹಾಕುವಾಗಲೆಲ್ಲ ಆ ಅಂಚಿಗೆ ಒದ್ದೆ ಗೋಣಿಚೀಲಗಳನ್ನು ಸುತ್ತಿಟ್ಟು ಮಣ್ಣಿನ ಕಟ್ಟೆ ಕಟ್ಟಿದೆ, ಗಿಡಗಳ ಬುಡಕ್ಕೆ ಮೊದಲೇ ನೀರುಣಿಸಿದೆ. ತೋಟದ ಬಸಿಗಾಲುವೆ ಹಳ್ಳಕ್ಕೆ ಸೇರುತ್ತದೆ. ಅಲ್ಲಿ ಮೀನು ಏಡಿ ಇವೆ. ಈ ನೀರು ಅಲ್ಲಿಗೆ ಹೋಗಬಾರದು.

ನವೆಂಬರ್ 8, ಶನಿವಾರ: ಇಂಟರ್‌ಲಾಕ್, ಮತ್ತು ಎಡಭಾಗದ ಹಸಿರು

ಇಂಟರ್‌ಲಾಕಿಗೆ ₹1,850 ಕೊಟ್ಟು ತಟ್ಟೆಯಾಕಾರದ ಸರ್ಫೇಸ್ ಕ್ಲೀನರ್ ತಂದಿದ್ದೆ. ಹನ್ನೆರಡು ಇಂಚಿನ ತಟ್ಟೆಯ ಅಡಿಯಲ್ಲಿ ಎರಡು ನಾಜಲ್ ತಿರುಗುತ್ತವೆ, ಕೆಸರು ಹಾರುವುದಿಲ್ಲ. 240 ಚದರ ಅಡಿ 50 ನಿಮಿಷದಲ್ಲಿ ಆಯಿತು. ಮೊದಲೇ ಕೊಂಡಿದ್ದರೆ ಅಂಗಳಕ್ಕೂ ಆಗುತ್ತಿತ್ತು.

ಆದರೆ ಸಂದಿಯ ಹಾವಸೆಯ ಜೊತೆ ಮರಳೂ ಎದ್ದು ಹೋಯಿತು. ಒಂದೂವರೆ ಇಂಚು ಆಳ ಖಾಲಿ. ಕಾರು ಹತ್ತಿಸಿದಾಗ ನಾಲ್ಕು ಬ್ಲಾಕ್‌ಗಳು ಅಲುಗಿದವು. ಜರಡಿ ಹಿಡಿದ ನಯವಾದ ಮರಳನ್ನು ಎರಡು ದಿನ ಬಿಸಿಲಿಗೆ ಒಣಗಿಸಿ, ಓರೆಯಾಗಿ ಗುಡಿಸಿ ಸಂದಿ ತುಂಬಿದೆ. ತೇವದ ಮರಳು ಮೇಲೆಯೇ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ತುಂಬಿ, ಹನಿ ನೀರು ಚಿಮುಕಿಸಿ, ಒಣಗಿದ ಮೇಲೆ ಮತ್ತೆ ತುಂಬಿ, ಹೀಗೆ ಮೂರು ಸಲ. ನಾಲ್ಕು ಚೀಲ ಹಿಡಿಯಿತು.

ಅಂದೇ ಇನ್ನೊಂದನ್ನು ಗಮನಿಸಿದೆ. ಪಾಚಿ ಸಾಯಿಸದೆ ಬರಿಯ ಒತ್ತಡದಿಂದ ತೊಳೆದಿದ್ದ ಎಡಭಾಗದಲ್ಲಿ, ಹಲಸಿನ ಮರದ ನೆರಳು ಬೀಳುವ ಕಡೆ, ಹದಿಮೂರೇ ದಿನಕ್ಕೆ ತೆಳುವಾದ ಹಸಿರು ಹೊಗೆಯಂತೆ ಮರಳಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಹಸಿರು. ಗೆರೆಯ ಆಚೆ ಬಲಭಾಗದಲ್ಲಿ ಒರೆಸಿದರೆ ಬಟ್ಟೆ ಬರಿಯ ಧೂಳಿನ ಬಣ್ಣ. ಸಿಮೆಂಟಿನ ರಂಧ್ರದಲ್ಲಿ ಜೀವ ಉಳಿದಿದ್ದ ಪಾಚಿಗೆ ನಾನು ನೀರು ಕುಡಿಸಿ ಬೆಳಕು ಕೊಟ್ಟಂತಾಗಿತ್ತು. ಆ ಸಂಜೆಯೇ ಎಡಭಾಗಕ್ಕೂ ಬ್ಲೀಚಿಂಗ್ ಹಾಕಿದೆ.

ನವೆಂಬರ್ 9ರಿಂದ 12: ಮೆಟ್ಟಿಲು, ಕೈಯಲ್ಲಿ

ಉಳಿದ 31 ಮೆಟ್ಟಿಲಿಗೆ ಅಕ್ಟೋಬರ್ 24ರಂದು ನೋಡಿದ ಬಿಳಿ ಮೂಲೆಯೇ ದಾರಿ ತೋರಿಸಿತು. ಕೊಳೆ ಔಷಧಕ್ಕೆ ತಂದು ಉಳಿದಿದ್ದ ಮೈಲುತುತ್ತ ಮತ್ತು ಸುಣ್ಣದಿಂದ ಇಪ್ಪತ್ತು ಲೀಟರ್ ಬೋರ್ಡೋ ಮಾಡಿದೆ, ತಲಾ 200 ಗ್ರಾಂ. ಪಾಚಿಯ ಮೇಲೆ ಹೊಡೆಯುವ ಮೊದಲು ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿದೆ. ಕೆಂಪು ತಾಮ್ರ ಹತ್ತಲಿಲ್ಲ, ಸುಣ್ಣ ಸಾಕಷ್ಟಿದೆ ಎಂದು ಖಾತ್ರಿಯಾಯಿತು. ಮೊದಲು ಹಾವಸೆಯ ದಪ್ಪ ಪದರವನ್ನು ಅಡಿಕೆ ದಬ್ಬೆಯ ಚೂಪು ತುಂಡಿನಿಂದ ಎಬ್ಬಿಸಿದೆ. ಕಬ್ಬಿಣದ ಕರಣೆ ಕಲ್ಲನ್ನು ಗೀರುತ್ತದೆ, ದಬ್ಬೆ ಗೀರುವುದಿಲ್ಲ. ಆಮೇಲೆ ಬೆನ್ನಿಗೆ ಹಾಕುವ ಸ್ಪ್ರೇಯರಿನಲ್ಲಿ ದ್ರಾವಣ ಹೊಡೆದು ಎರಡು ದಿನ ಬಿಟ್ಟೆ. ಮೂರನೆಯ ದಿನ ತೆಂಗಿನ ನಾರಿನ ಬ್ರಷ್ಷಿನಿಂದ ಒಣಗಿದ್ದನ್ನು ತಿಕ್ಕಿ, ಕಡ್ಡಿ ಹಿಡಿಯಲ್ಲಿ ಗುಡಿಸಿದೆ. ಕೊನೆಗೆ ಧೂಳು ತೊಳೆಯಲು ಮಾತ್ರ ಯಂತ್ರ: ಬಿಳಿಯ 40 ಡಿಗ್ರಿ ನಾಜಲ್, ಎರಡೂವರೆ ಅಡಿ ದೂರ, ಕಣ್ಣು ಚರಂಡಿಯ ನೀರಿನ ಮೇಲೆ. ಕೆಂಪು ಬರಲಿಲ್ಲ.

ಒಂದು ಮೆಟ್ಟಿಲಿಗೆ ಸರಾಸರಿ 14 ನಿಮಿಷ ಹಿಡಿಯಿತು. ಮೊಣಕಾಲು ನೋವು ಎರಡು ದಿನ ಇತ್ತು. ತೂತುಗಳ ಒಳಗೆ ಅಲ್ಲಲ್ಲಿ ಕಪ್ಪು ಉಳಿದಿದೆ, ಇರಲಿ. ಕಾಲಿಗೆ ಕಲ್ಲು ಕಚ್ಚಿದಂತೆ ಹಿಡಿತ ಸಿಗುತ್ತದೆ. ಬೋರ್ಡೋ ನೀಲಿ ಕೆಲವು ಕಡೆ ಕಾಣುತ್ತದೆ. ಅಡಿಕೆ ಹರಡುವ ಅಂಗಳಕ್ಕೆ ಇದನ್ನು ಹೊಡೆಯಲಿಲ್ಲ; ತಿನ್ನುವ ವಸ್ತು ಬೀಳುವ ನೆಲಕ್ಕೆ ತಾಮ್ರ ಬೇಡ.

ನಾನು ಹಾಳುಮಾಡಿದ ಮೂರಕ್ಕೆ ಮೇಸ್ತ್ರಿ 12ರಂದು ಬಂದರು. ಎರಡನೆಯ ಮೆಟ್ಟಿಲಿನ ಮೂಲೆಯ ಕಲ್ಲನ್ನು ಪೂರ್ತಿ ತೆಗೆದು ಹೊಸದನ್ನು ಕೂರಿಸಿದರು; ತಂದದ್ದು ಮೂರು ಕಲ್ಲು, ₹165. ಕತ್ತರಿಸುವಾಗ ಉದುರಿದ ಕೆಂಪು ಪುಡಿಯನ್ನು ಎಸೆಯಗೊಡಲಿಲ್ಲ. ಅದನ್ನೇ ಜರಡಿ ಹಿಡಿದು, ಮೂರು ಪಾಲು ಪುಡಿಗೆ ಒಂದು ಪಾಲು ಸುಣ್ಣ, ಒಂದು ಹಿಡಿ ಸಿಮೆಂಟ್ ಸೇರಿಸಿ ಗೀರು ಮತ್ತು ಸಂದಿಗಳನ್ನು ತುಂಬಿದರು. ಬರಿಯ ಸಿಮೆಂಟ್ ಹಾಕಿದರೆ ಅದು ಕಲ್ಲಿಗಿಂತ ಗಟ್ಟಿಯಾಗಿ ಪಕ್ಕದ ಕಲ್ಲನ್ನೇ ಸೀಳುತ್ತದೆ ಎಂದರು. ಮೂರು ದಿನ ಒದ್ದೆ ಗೋಣಿ ಹೊದಿಸಿಟ್ಟೆವು.

ಖರ್ಚು: ಯಂತ್ರ, ತಟ್ಟೆ, ತಂತಿ, ಫಿಲ್ಟರ್ ಸೇರಿ ₹13,600. ಬ್ಲೀಚಿಂಗ್ ₹300, ಮರಳು ₹400, ಬ್ರಷ್ ₹180. ನನ್ನ ತಪ್ಪು ಸರಿಪಡಿಸಲು ಮೇಸ್ತ್ರಿಯ ಕೂಲಿ ₹1,000, ಕಲ್ಲು ₹165, ಸುಣ್ಣ ಸಿಮೆಂಟ್ ₹200, ಗೋಡೆಯ ಬಣ್ಣ ₹700. ಒಟ್ಟು ₹16,545, ಅದರಲ್ಲಿ ₹2,065 ತಪ್ಪಿನ ಬೆಲೆ.

ನವೆಂಬರ್ 16, ಭಾನುವಾರ

ನಿನ್ನೆ ರಾತ್ರಿ ಹತ್ತು ನಿಮಿಷ ಮಳೆ ಬಂತು. ಬೆಳಿಗ್ಗೆ ಒದ್ದೆಯಿದ್ದಾಗಲೇ ರಬ್ಬರ್ ಚಪ್ಪಲಿ ಹಾಕಿಕೊಂಡು ಅಂಗಳ ಮತ್ತು ಮೆಟ್ಟಿಲುಗಳ ಮೇಲೆ ಬೇಕೆಂದೇ ಕಾಲು ಎಳೆದು ನಡೆದು ನೋಡಿದೆ. ಜಾರಿದ್ದು ಒಂದೇ ಕಡೆ, ಜಗಲಿ ಅಂಚಿನ ಕಪ್ಪುಕಲ್ಲಿನ ಚಪ್ಪಡಿಯ ಮೇಲೆ. ಅಲ್ಲಿ ಪಾಚಿಯಿಲ್ಲ, ಕಲ್ಲೇ ಸವೆದು ನುಣುಪಾಗಿದೆ. ಅದಕ್ಕೆ ಉಳಿ ಹೊಡೆಸಿ ಒರಟು ಮಾಡಿಸಬೇಕು. ಮೇಸ್ತ್ರಿ ಕೊಯ್ಲು ಮುಗಿದ ಮೇಲೆ ಬರುತ್ತೇನೆ ಎಂದಿದ್ದಾರೆ.

ಅಮ್ಮ ಎಡಗೈಯಲ್ಲಿ ಹೂವಿನ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದರು. ಹನ್ನೊಂದನೆಯದರ ಬಳಿ ಒಂದು ಕ್ಷಣ ನಿಂತು, ಚಪ್ಪಲಿಯ ತುದಿಯಿಂದ ಕಲ್ಲನ್ನು ಎರಡು ಸಲ ಒತ್ತಿ ನೋಡಿ, ಮುಂದೆ ಹೋದರು. ಆ ಮೆಟ್ಟಿಲಿನ ಪಕ್ಕಕ್ಕೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಕಂಬಿ ಹಾಕಿಸುವುದು ಇನ್ನೂ ಬಾಕಿಯಿದೆ. ಅಳತೆ ತೆಗೆದುಕೊಂಡಿದ್ದೇನೆ: ಉದ್ದ ಒಂಬತ್ತು ಅಡಿ, ಎತ್ತರ ಎರಡೂ ಮುಕ್ಕಾಲು ಅಡಿ.